ಕಳಿಸಿದವಳು ನಾನೇ

ಬರ್ನಡೀನ್ ಹವ್ರಿಲಾಳಿಗೆ ಯಾರಾದರೂ "ನೀನು ಸುಮ್ಮನಿದ್ದುಬಿಡು, ಎಲ್ಲ ತಾನಾಗಿಯೇ ಸರಿಹೋಗುತ್ತೆ" ಎಂದರೆ, ಅವಳು ಸುಮ್ಮನಿರುವುದು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಆ ಪುಟ್ಟ ಊರಿನಲ್ಲಿ ಇದು ಪಾದ್ರಿಯಿಂದ ಹಿಡಿದು ಪೆಟ್ರೋಲು ಹಾಕುವವನವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ತಮ್ಮ ಲಿಯೊನಾರ್ಡ್ ಆ ಜೂನ್ ತಿಂಗಳಲ್ಲಿ ಅದೇ ಮಾತನ್ನು ಹೇಳಿದ.

ಅಕ್ಕತಮ್ಮ ಇಬ್ಬರಿಗೂ ಸೇರಿದ್ದು ಪಿರೋಹಿ ಅಂಗಡಿ. ಕಣಕ ಲಟ್ಟಿಸಿ, ಆಲೂಗಡ್ಡೆ ಮತ್ತು ಚೀಸಿನ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಿಸಿ, ಅಂಚನ್ನು ಬೆರಳಿನಿಂದ ಒತ್ತಿ ಮುಚ್ಚುವ ಕಡುಬು ಅದು. ಆ ಅಂಚು ಒತ್ತುವುದರಲ್ಲೇ ಎಲ್ಲವೂ ಇದೆ. ಸರಿಯಾಗಿ ಒತ್ತದಿದ್ದರೆ ಕುದಿಯುವ ನೀರಿನಲ್ಲಿ ಬಾಯಿ ಬಿಟ್ಟು ಹೂರಣವೆಲ್ಲ ಹೊರಗೆ. ಲಿಯೊನಾರ್ಡ್ ಲೆಕ್ಕ ನೋಡುತ್ತಿದ್ದ, ಬರ್ನಡೀನ್ ಮಿಕ್ಕಿದ್ದೆಲ್ಲ ನೋಡುತ್ತಿದ್ದಳು.

ಅಂಗಡಿ ಶುರು ಮಾಡಿದ್ದು ಅವರ ತಾಯಿ ಜಸ್ಟೀನಾ. ಗಂಡ ಗಣಿಯ ಧೂಳು ನುಂಗಿ ಹಾಸಿಗೆ ಹಿಡಿದ ಮೇಲೆ ಆಕೆ ಅಂಗಿ ಹೊಲಿಯುವ ಕಾರ್ಖಾನೆಗೆ ಹೋಗಿದ್ದಳು. ಅಲ್ಲಿ ಕೆಲಸ ಕಡಿಮೆಯಾದಾಗಲೆಲ್ಲ ಮೇಲ್ವಿಚಾರಕಿ ಶುಕ್ರವಾರ ಸಂಜೆ ಬಾಗಿಲ ಬಳಿ ನಿಂತು ಹೆಸರು ಕೂಗುತ್ತಿದ್ದಳು. ಹೆಸರು ಬಂದವರು ಹೊಲಿಗೆ ಯಂತ್ರ ಬಿಟ್ಟೆದ್ದು, ಎಲ್ಲರೂ ನೋಡುತ್ತಿರುವಾಗ ಆ ಉದ್ದನೆಯ ಹಜಾರ ದಾಟಿ ಹೋಗಬೇಕು. ಒಂದು ಶುಕ್ರವಾರ ಜಸ್ಟೀನಾ ಹಾಗೆ ದಾಟಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತನ್ನ ಅಡುಗೆಮನೆಯಲ್ಲೇ ಪಿರೋಹಿ ಮಾಡಿ ಮಾರತೊಡಗಿದಳು. ಕೆಲಸ ಬೆಳೆದು ಹೆಂಗಸರನ್ನು ಸೇರಿಸಿಕೊಂಡಾಗ ಒಂದು ಪದ್ಧತಿ ಇಟ್ಟಳು: ಈ ಮನೆಯಿಂದ ಯಾರನ್ನೂ ಯಾರೂ ಕಳಿಸುವುದಿಲ್ಲ.

ಆದರೆ ಪಿರೋಹಿಯ ಕೆಲಸ ವರ್ಷವಿಡೀ ಇರುವಂಥದ್ದಲ್ಲ. ಶರತ್ಕಾಲದಲ್ಲಿ ಏರಿ, ಕ್ರಿಸ್‌ಮಸ್ಸಿಗೆ ಉಬ್ಬಿ, ಈಸ್ಟರಿನ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಈಸ್ಟರ್ ಬಂತೆಂದರೆ ಎಲ್ಲರ ತಟ್ಟೆಯಲ್ಲಿ ಹಂದಿಮಾಂಸ, ಪಿರೋಹಿಯನ್ನು ಕೇಳುವವರಿಲ್ಲ. ಅದಕ್ಕೇ ಈಸ್ಟರಿನ ಹಿಂದಿನ ಶನಿವಾರ ಮಧ್ಯಾಹ್ನ, ಕೊನೆಯ ತಟ್ಟೆ ತುಂಬಿದ ಮೇಲೆ, ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಕೈಯ ಹಿಟ್ಟು ಕೊಡವಿ, "ನಂದಾಯ್ತು" ಎನ್ನುತ್ತಿದ್ದರು. ಅಷ್ಟೇ. ಮಾಲೀಕರು "ಹೋಗಿ" ಎನ್ನುವಂತಿಲ್ಲ, ಅವರು ಅನ್ನಿಸಿಕೊಳ್ಳುವಂತಿಲ್ಲ. ತಾಯಿ ಸತ್ತ ಮೇಲೆ ಬರ್ನಡೀನ್ ಅದನ್ನು ಹಾಗೆಯೇ ನಡೆಸಿಕೊಂಡು ಬಂದಳು. ಹಳೆಯ ಹೆಂಗಸರೆಲ್ಲ ಪಿಂಚಣಿಯವರು, ಇಲ್ಲವೇ ಗಂಡನ ದುಡಿಮೆ ಇದ್ದವರು. ಬೇಸಿಗೆಯಲ್ಲಿ ಮನೆಯಲ್ಲಿದ್ದು ಟೊಮೆಟೊ ಬೆಳೆಯುತ್ತಿದ್ದರು. ಕೆಲಸ ಹೋದವರಿಗೆ ಸರ್ಕಾರ ಕೆಲವು ಕಾಲ ದುಡ್ಡು ಕೊಡುವ ನಿರುದ್ಯೋಗ ವಿಮೆಯ ಕಚೇರಿಗೆ ಒಬ್ಬರೂ ಫೋನ್ ಮಾಡಿದ್ದಿಲ್ಲ.

ಬರ್ನಡೀನ್ ಮಾತ್ರ ಆ ವಿಮೆಗೆ ಮಾಲೀಕರು ಕಟ್ಟಬೇಕಾದ ತೆರಿಗೆಯನ್ನು ಒಂದು ಸಲವೂ ತಪ್ಪಿಸಿರಲಿಲ್ಲ. ಸಂಬಳದ ಮೇಲಿನ ತೆರಿಗೆಗಳನ್ನು ಬೈದುಕೊಂಡೇ ಕಟ್ಟುತ್ತಿದ್ದಳು, ಆದರೆ ಕಟ್ಟುತ್ತಿದ್ದಳು. ಒಮ್ಮೆ ಪಕ್ಕದ ಊರಿನ ಸಗಟು ವ್ಯಾಪಾರಿ ಬಂದು ಉಪಾಯ ಹೇಳಿಕೊಟ್ಟಿದ್ದ. ಹೆಂಗಸರನ್ನು ಕೆಲಸದವರು ಎನ್ನಬೇಡ, ಒಬ್ಬೊಬ್ಬರೂ ಸ್ವಂತ ವ್ಯಾಪಾರಿಗಳು ಎಂದು ತೋರಿಸು, ಡಜನ್ನಿಗೆ ಇಷ್ಟು ಅಂತ ಕೊಡು, ತೆರಿಗೆಯ ಗೋಳೇ ಇರುವುದಿಲ್ಲ.

"ಮೇಜು ನಂದು, ಹಿಟ್ಟು ನಂದು, ಒಲೆ ನಂದು, ಎಷ್ಟು ಗಂಟೆಗೆ ಬರಬೇಕು ಅಂತ ಹೇಳೋಳೂ ನಾನೇ" ಎಂದಿದ್ದಳು ಬರ್ನಡೀನ್. "ಅವರ ಸ್ವಂತ ವ್ಯಾಪಾರ ಅಂದ್ರೆ ಯಾವುದಪ್ಪಾ, ಹೆಬ್ಬೆರಳಾ?"

ಆ ವ್ಯಾಪಾರಿ ಮತ್ತೆ ಬರಲಿಲ್ಲ. ಅವನ ಆರ್ಡರೂ ಬರಲಿಲ್ಲ.

ಹೀಗಿರುವಾಗ ಅಂಗಡಿಗೆ ಬಂದವಳು ಯುಡೆಲ್ಕಾ ಪೆರಾಲ್ಟಾ. ಡೊಮಿನಿಕನ್ ಗಣರಾಜ್ಯದಿಂದ ಬಂದ ಎಷ್ಟೋ ಜನರ ಹಾಗೆ ಅವಳೂ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಸೊಂಟ ಹಾಳುಮಾಡಿಕೊಂಡಿದ್ದಳು. ಪಿರೋಹಿಯನ್ನು ಮೊದಲ ಸಲ ನೋಡಿ, "ಇದು ನಮ್ಮೂರ ಪಾಸ್ತೆಲೀತೋ, ಎಣ್ಣೆಗೆ ಹಾಕೋಕೆ ಮರ್ತಿದೀರ" ಎಂದಳು. ಮೇಜಿನ ತುದಿಯಲ್ಲಿ ಕೂರುತ್ತಿದ್ದ ಮಿಲ್ಲಿ ವಾರ್ಗೋ ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ. ಮಿಲ್ಲಿ ಅಂಗಡಿಯ ಅತ್ಯಂತ ಹಿರಿಯಳು. ಎಲ್ಲರೂ ಅವಳನ್ನು ಟೆಟಾ ಎನ್ನುತ್ತಿದ್ದರು, ಸ್ಲೋವಾಕರ ಮಾತಿನಲ್ಲಿ ಚಿಕ್ಕಮ್ಮ ಎಂದರ್ಥ. ನಾಲ್ಕನೆಯ ದಿನ ಮಿಲ್ಲಿ ಯುಡೆಲ್ಕಾಳ ತಟ್ಟೆಯಿಂದ ಒಂದು ಪಿರೋಹಿ ಎತ್ತಿ, ಅಂಚು ತಿರುಗಿಸಿ ನೋಡಿ, "ಪರವಾಗಿಲ್ಲ, ನಿಂಗೆ ಬೆರಳಿದೆ" ಎಂದಳು. ಆ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ.

ಆ ವರ್ಷ ಈಸ್ಟರಿನ ಹಿಂದಿನ ಶನಿವಾರ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಯುಡೆಲ್ಕಾಳ ಸರದಿ ಬಂದಾಗ ಅವಳೂ ಎದ್ದು ಕೈ ಕೊಡವಿ, ಹೊಸದಾಗಿ ಕಲಿತ ಭಾಷೆಯಲ್ಲಿ, ಗಟ್ಟಿಯಾಗಿ, "ನಂದಾಯ್ತು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಲ್ಲಿ ಅವಳ ಕೆನ್ನೆಗೆ ಹಿಟ್ಟಿನ ಕೈಯನ್ನೇ ಒತ್ತಿದಳು.

ಮೇ ತಿಂಗಳಲ್ಲಿ ಯುಡೆಲ್ಕಾ ಅಂಗಡಿಯ ಹಿಂಬಾಗಿಲಿಗೆ ಬಂದು ನಿಂತಳು. ಬರ್ನಡೀನಳನ್ನು ಅವಳು ಕರೆಯುತ್ತಿದ್ದದ್ದು ದೋನ್ಯಾ ಎಂದು, ಸ್ಪ್ಯಾನಿಶಿನಲ್ಲಿ ಅಮ್ಮಾವ್ರು ಎನ್ನುವ ಹಾಗೆ.

"ದೋನ್ಯಾ ಬರ್ನಿ, ನಾನು ಏನು ತಪ್ಪು ಮಾತಾಡಿದೆ?"

"ಏನಾಯ್ತು?"

"ವಿಮೆ ಕೇಳಿದ್ದೆ. ಫೋನಲ್ಲಿ ಒಬ್ಬರು ಕೇಳಿದ್ರು, ಕೆಲಸ ನೀವು ಬಿಟ್ರಾ, ಅವರು ತೆಗೆದ್ರಾ ಅಂತ. ನನ್ನನ್ನ ಯಾರೂ ತೆಗೆದಿಲ್ಲ, ನಂದಾಯ್ತು ಅಂತ ನಾನೇ ಹೇಳಿ ಬಂದೆ ಅಂದೆ. ಈಗ ಕೊಡಲ್ಲ ಅಂತ ಬಂದಿದೆ. ತಾನಾಗಿ ಬಿಟ್ಟವರಿಗೆ ಇಲ್ಲವಂತೆ."

ಬರ್ನಡೀನ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆದರೆ ಈ ಮಾತು ಯುಡೆಲ್ಕಾಳದ್ದಾಗಿರಲಿಲ್ಲ. ತನ್ನ ತಾಯಿ ಬಾಯಿಗೆ ಹಾಕಿದ ಮಾತು.

"ಬಾಡಿಗೆ?" ಎಂದು ಕೇಳಿದಳು.

"ಜುಲೈವರೆಗೆ ಹೇಗೋ ಆಗುತ್ತೆ. ಆಮೇಲೆ ಮತ್ತೆ ಗೋದಾಮು. ಈ ಸೊಂಟ ಇಟ್ಕೊಂಡು." ಯುಡೆಲ್ಕಾ ಗದ್ದ ಎತ್ತಿದಳು. "ಮೇಲ್ಮನವಿ ಹಾಕಿದೀನಿ. ಆದ್ರೆ ನಾನು ಹೇಳಿದ್ದು ಸುಳ್ಳು ಅನ್ನಲ್ಲ. ಹೇಳಿದ್ದೆ ತಾನೇ."

ವಿಚಾರಣೆಯ ದಿನ ಗೊತ್ತಾಯಿತು. ಮಾಲೀಕರೂ ಬರಬಹುದು, ಬರದೆಯೂ ಇರಬಹುದು ಎಂದು ತಿಳಿಸಿದ್ದರು. ಆ ಸುದ್ದಿ ಬಂದ ದಿನವೇ ಲಿಯೊನಾರ್ಡ್ ಅಂಗಡಿಗೆ ಬಂದು, ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು ಕೂತ.

"ಬರ್ನಿ, ನೀನು ಹೋಗಬೇಡ. ಸುಳ್ಳು ಹೇಳು ಅಂತಿಲ್ಲ. ಸುಮ್ಮನಿದ್ದುಬಿಡು, ಎಲ್ಲ ತಾನಾಗಿಯೇ ಸರಿಹೋಗುತ್ತೆ."

"ಯಾರಿಗೆ ಸರಿಹೋಗುತ್ತೆ?"

"ನಮಗೆ. ನಿಂಗೆ ಗೊತ್ತು ತಾನೇ ಇದು ಹೇಗೆ ನಡೆಯುತ್ತೆ ಅಂತ. ನಮ್ಮಲ್ಲಿ ಕೆಲಸ ಮಾಡಿದವರು ವಿಮೆ ತಗೊಂಡ್ರೆ ಅದು ನಮ್ಮ ಖಾತೆಗೆ ಅಂಟುತ್ತೆ. ಹೊಸ ವರ್ಷಕ್ಕೆ ನಮ್ಮ ದರ ಏರುತ್ತೆ. ಇವಳೊಬ್ಬಳೇ ಅಲ್ಲ. ಇವಳಿಗೆ ಸಿಕ್ಕಿತು ಅಂತ ಗೊತ್ತಾದ್ರೆ ಮುಂದಿನ ಸಲ ಎಲ್ಲರೂ ಕೇಳ್ತಾರೆ. ನಮ್ಮದೇನು ಕಾರ್ಖಾನೆಯಾ? ಪಿರೋಹಿ ಅಂಗಡಿ."

"ಕೇಳಲಿ."

"ಕೇಳಲಿ ಅಂದ್ರೆ? ಅದನ್ನ ಕಟ್ಟೋರು ಯಾರು?"

"ಇಷ್ಟು ವರ್ಷ ಕಟ್ಟಿದ್ದು ಯಾರು?" ಬರ್ನಡೀನ್ ಖಾಲಿ ತಟ್ಟೆಗಳನ್ನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಕಟ್ಟುವಾಗ ಇನ್ಶೂರೆನ್ಸು, ಕೊಡೋವಾಗ ಕಳ್ಳತನ. ಇದ್ಯಾವ ಲೆಕ್ಕನೋ ಲೆನ್ನಿ?"

"ಅವಳೇ ಹೇಳಿದ್ದಾಳೆ, ನಾನೇ ಬಿಟ್ಟೆ ಅಂತ. ನಾವು ಏನೂ ಮಾಡಿಲ್ಲ."

"ಅದೇ ತಪ್ಪು. ನಾವು ಏನೂ ಮಾಡಿಲ್ಲ ಅನ್ನೋ ಹಾಗೆ ಕಾಣಲಿ ಅಂತ ತಾನೇ ಅಮ್ಮ ಆ ಪದ್ಧತಿ ಇಟ್ಟಿದ್ದು? ಮರ್ಯಾದೆ ಉಳೀಲಿ ಅಂತ ಇಟ್ಟಿದ್ದು. ಈಗ ಅದರಿಂದ ನಮ್ಮ ದುಡ್ಡು ಉಳೀತಿದೆ."

"ನೀನು ಹೋದ್ರೆ ನಾನು ಗಾಡಿ ಓಡಿಸಲ್ಲ."

"ನಿನ್ನ ಗಾಡಿಗೆ ಬ್ರೇಕೂ ಇಲ್ಲ ಬಿಡು."

ಅವಳು ಅಂಗಡಿಯ ಸರಕಿನ ವ್ಯಾನಿನಲ್ಲಿ ಹೋದಳು, ಯುಡೆಲ್ಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ದಾರಿಯುದ್ದಕ್ಕೂ ವ್ಯಾನಿನೊಳಗೆ ಹುರಿದ ಈರುಳ್ಳಿಯ ವಾಸನೆ.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ಮಾತು ಮುದ್ರಿಸಿಕೊಳ್ಳುವ ಯಂತ್ರ, ಫೋನು. ವಿಚಾರಣಾಧಿಕಾರಿ ಮೆಲುದನಿಯ ಮನುಷ್ಯ, ಒಂದೊಂದು ಪ್ರಶ್ನೆ ಕೇಳಿದ ಮೇಲೂ ಉತ್ತರಕ್ಕೆ ತಾಳ್ಮೆಯಿಂದ ಕಾಯುತ್ತಿದ್ದ. ಫೋನಿನ ಆ ತುದಿಯಲ್ಲಿ ದುಭಾಷಿಯೊಬ್ಬಳಿದ್ದಳು. ಯುಡೆಲ್ಕಾಳನ್ನು ಕೇಳಿದ್ದಾಯಿತು. ಹೇಳಿದ್ದು ಹೌದು ಎಂದಳು. ಆಮೇಲೆ ಅವನು ಬರ್ನಡೀನಳ ಕಡೆ ತಿರುಗಿದ.

"ಇವರು 'ನಂದಾಯ್ತು' ಅಂತ ಹೇಳಿದ್ದನ್ನ ನೀವು ಕೇಳಿಸಿಕೊಂಡ್ರಾ?"

"ಕೇಳಿಸ್ಕೊಂಡೆ. ಬೀದಿವರೆಗೂ ಕೇಳಿಸಿರುತ್ತೆ."

"ಅದಕ್ಕೆ ಮುಂಚೆ ನೀವು ಅವರಿಗೆ ಹೋಗಿ ಅಂತ ಹೇಳಿದ್ರಾ?"

"ಇಲ್ಲ."

"ಕೆಲಸ ಇಲ್ಲ ಅಂತ?"

"ಬಾಯಿಬಿಟ್ಟು ಹೇಳ್ಲಿಲ್ಲ."

"ಹಾಗಾದ್ರೆ ಇವರು ತಾವಾಗಿಯೇ ಬಿಟ್ಟಂತೆ ಆಗಲಿಲ್ವಾ?"

"ಸರ್, ಅವಳು ಆ ಮಾತು ಹೇಳದೆ ಕೂತೇ ಇದ್ದಿದ್ರೆ ಸೋಮವಾರ ಏನು ಮಾಡ್ತಿದ್ದಳು ಅಂತ ನನ್ನನ್ನ ಕೇಳಿ."

ಅವನು ಪೆನ್ನು ಕೆಳಗಿಟ್ಟ. "ಏನು ಮಾಡ್ತಿದ್ರು?"

"ಏನೂ ಇಲ್ಲ. ಖಾಲಿ ಮೇಜು ನೋಡ್ಕೊಂಡು ಕೂರ್ತಿದ್ದಳು. ಆಲೂಗಡ್ಡೆ ಸಾಕು, ಇನ್ನು ತರಬೇಡ ಅಂತ ತಂದುಕೊಡೋನಿಗೆ ನಾನು ಬುಧವಾರವೇ ಹೇಳಿಬಿಟ್ಟಿದ್ದೆ. ಹಿಟ್ಟು, ಚೀಸು ಎಲ್ಲ ನಿಲ್ಲಿಸಿದ್ದೆ. ಅವಳು ಬಾಯಿ ತೆರೆದಿದ್ದು ಶನಿವಾರ. ಆಲೂಗಡ್ಡೆ ನಿಲ್ಲಿಸಿದ ದಿನವೇ ಕೆಲಸ ನಿಂತಿತ್ತು, ನಿಲ್ಲಿಸಿದವಳು ನಾನು. ನಮ್ಮಲ್ಲಿ ಆ ಮಾತು ಹೆಂಗಸರ ಬಾಯಿಂದ ಬರುತ್ತೆ, ಅಷ್ಟೇ. ಅದು ನನ್ನ ಅಪ್ಪಣೆ, ಅವರ ಧ್ವನಿ."

ಫೋನಿನಲ್ಲಿ ದುಭಾಷಿ ಅದನ್ನು ಸ್ಪ್ಯಾನಿಶಿಗೆ ತಿರುಗಿಸುತ್ತಿದ್ದಳು. ಯುಡೆಲ್ಕಾ ತಲೆ ತಗ್ಗಿಸಿ ಕೇಳುತ್ತಿದ್ದಳು.

"ನೀವು ಇಲ್ಲಿ ಮಾಲೀಕರ ಪರ ಬಂದಿದೀರಿ ಅಂತ ಅಂದ್ಕೊಂಡಿದ್ದೆ" ಎಂದ ಅಧಿಕಾರಿ.

"ಮಾಲೀಕಳೇ ನಾನು. ನನ್ನ ಪರವಾಗೇ ಮಾತಾಡ್ತಿದೀನಿ."

"ಈ ಹೇಳಿಕೆಯಿಂದ ನಿಮ್ಮ ದರದ ಮೇಲೆ ಪರಿಣಾಮ ಆಗಬಹುದು. ಗೊತ್ತಿದೆ ತಾನೇ?"

"ಬೆಂಕಿ ವಿಮೆ ಕಟ್ತೀನಿ, ಸರ್. ಮನೆಗೆ ಬೆಂಕಿ ಬಿದ್ದ ದಿನ, ಅಯ್ಯೋ ಅದು ಬೆಂಕಿನೇ ಅಲ್ಲ, ದೀಪ ಸ್ವಲ್ಪ ಜೋರಾಗಿ ಉರೀತಿತ್ತು ಅಂತ ಹೇಳ್ಲಾ? ಕಳಿಸಿದವಳು ನಾನೇ. ಹಾಗೇ ಬರ್ಕೊಳ್ಳಿ."

ಅವನು ಬರೆದುಕೊಂಡ.

ತೀರ್ಪು ಯುಡೆಲ್ಕಾಳ ಪರ ಬಂತು. ಆ ಬೇಸಿಗೆ ಅವಳು ಗೋದಾಮಿಗೆ ಹೋಗಲಿಲ್ಲ. ಶರತ್ಕಾಲದಲ್ಲಿ ಅದೇ ಮೇಜಿಗೆ ಬಂದು ಕೂತಳು. ಜನವರಿಯಲ್ಲಿ ಅಂಗಡಿಯ ದರ ಏರಿತು, ಲಿಯೊನಾರ್ಡ್ ಹೇಳಿದ್ದು ನಿಜವಾಯಿತು. ಬರ್ನಡೀನ್ ಡಜನ್ನಿನ ಬೆಲೆ ಅರ್ಧ ಡಾಲರ್ ಏರಿಸಿದಳು. ಗೋದಾಮಿನ ಪಕ್ಕದ ದೊಡ್ಡ ಅಂಗಡಿಯಲ್ಲಿ ಮಂಜುಗಟ್ಟಿಸಿದ ಪಿರೋಹಿ ಅದರ ಅರ್ಧ ಬೆಲೆಗೆ ಸಿಗುತ್ತಿತ್ತು. ಕೆಲವರು ಆ ಕಡೆ ಹೋದರು. ಒಬ್ಬ ಗಿರಾಕಿ ಗಲ್ಲಾದ ಮುಂದೆ ನಿಂತು, "ಒಳಗೆ ಈಗ ಚಿನ್ನ ತುಂಬಿಸ್ತೀರಾ?" ಎಂದ. "ಹೊರಗೆ ಒತ್ತುವ ಬೆರಳಿಗೆ ಬೆಲೆ ಕಟ್ಟಿದೀನಿ" ಎಂದು ಬರ್ನಡೀನ್ ಪೊಟ್ಟಣ ಮುಂದಿಟ್ಟಳು. ಗೊಣಗಿಕೊಂಡೇ ತೆಗೆದುಕೊಂಡು ಹೋದ. ಲಿಯೊನಾರ್ಡ್ ಎರಡು ತಿಂಗಳು ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಲೆಕ್ಕ ಮಾತ್ರ ಬಿಡಲಿಲ್ಲ.

ಮತ್ತೆ ಈಸ್ಟರಿನ ಹಿಂದಿನ ಶನಿವಾರ ಬಂತು. ಕೊನೆಯ ತಟ್ಟೆ ತುಂಬಿತು. ಮೊದಲು ಏಳುವ ಹಕ್ಕು ಮಿಲ್ಲಿಯದು. ಅವಳು ಮೇಜಿಗೆ ಕೈ ಊರುವಷ್ಟರಲ್ಲಿ ಬರ್ನಡೀನ್ ಒಲೆಯ ಕಡೆಯಿಂದ ಬಂದು ಎಲ್ಲರ ಎದುರು ನಿಂತಳು.

"ಯಾರೂ ಏಳಬೇಡಿ. ಯಾರೂ ಏನೂ ಹೇಳಬೇಡಿ. ಸೋಮವಾರದಿಂದ ಕೆಲಸ ಇಲ್ಲ. ನಾನು ನಿಮ್ಮನ್ನ ಕಳಿಸ್ತಾ ಇದೀನಿ. ಶರತ್ಕಾಲಕ್ಕೆ ಕರೀತೀನಿ."

ಮಿಲ್ಲಿಯ ಮುಖ ಕೆಂಪಾಯಿತು.

"ಇಷ್ಟು ವರ್ಷದಲ್ಲಿ ನನ್ನನ್ನ ಇಲ್ಲಿಂದ ಯಾರೂ ಕಳಿಸಿರ್ಲಿಲ್ಲ. ನಿಮ್ಮಮ್ಮ ಇದ್ದಿದ್ರೆ ನಿನ್ನ ನಾಲಿಗೆ ಕಿತ್ತಿರೋಳು."

"ಕಿತ್ತಿರೋಳು, ಟೆಟಾ. ಆದ್ರೂ ನೀನು ಸೋಮವಾರ ಆ ವಿಮೆ ಆಫೀಸಿಗೆ ಫೋನ್ ಮಾಡು. ನಿನ್ನ ಸಂಬಳದ ಮೇಲೂ ಕಟ್ಟಿದೀನಿ."

"ನಾನು ಸರ್ಕಾರದ ಮುಂದೆ ಕೈ ಒಡ್ಡೋಳಲ್ಲ."

"ಕೈ ಒಡ್ಡಬೇಡ, ಬಾಯಿ ಬಿಟ್ಟರೆ ಸಾಕು. ಅದೇನು ನಿಂಗೆ ಕಷ್ಟವಾ?"

ಯಾರೋ ಕಿಸಕ್ಕನೆ ನಕ್ಕರು. ಮಿಲ್ಲಿ ಆ ಕಡೆ ಒಮ್ಮೆ ನೋಡಿದ ಕೂಡಲೇ ನಗು ನಿಂತಿತು. ಅವಳು ಎದ್ದಳು, ಕೈಯ ಹಿಟ್ಟನ್ನು ಕೊಡವಲೇ ಇಲ್ಲ. ಕೋಟು ಹಾಕಿಕೊಂಡಾಗ ಕರಿಯ ತೋಳಿನ ಮೇಲೆ ಬೆರಳಿನ ಬಿಳಿ ಗುರುತು ಮೂಡಿತು. ಬಾಗಿಲಿನವರೆಗೆ ಹೋಗಿ ತಿರುಗಿ ನಿಂತಳು.

"ನೀನು ನನ್ನನ್ನ ಕಳಿಸಿದೆ, ಬರ್ನಡೀನ್. ಎಲ್ಲರ ಎದುರಿಗೆ. ಇದನ್ನ ನಾನು ಸಾಯೋವರೆಗೂ ಮರೆಯಲ್ಲ."

"ಮರೀಬೇಡ" ಎಂದಳು ಬರ್ನಡೀನ್. "ಅವರು ಫೋನಲ್ಲಿ ಕೇಳಿದಾಗ ಇದನ್ನೇ ಹೇಳು."