ಪಾಚಿಗೆ ಹೆಪ್ಪು

ನಮ್ಮ ಮನೆಯಲ್ಲಿ ಪಾಚಿ ಸಾಕುತ್ತೇವೆ ಎಂದರೆ ಜನ ನನ್ನ ಮುಖ ನೋಡುತ್ತಾರೆ. ಹಸು ಸಾಕುವವರುಂಟು, ಗಿಳಿ ಸಾಕುವವರುಂಟು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದಿಷ್ಟು ಹಸಿರು ಕಂಡರೂ ಬ್ಲೀಚಿಂಗ್ ಪುಡಿ ಹುಡುಕುತ್ತಿದ್ದ ನಾನು, ಈಗ ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದ ಮೇಲೆ ನೇರ ಹೋಗಿ ನೋಡುವುದು ಪಾಚಿ ಸೊಂಪಾಗಿದೆಯೇ ಎಂದು.

ಇದಕ್ಕೆಲ್ಲ ಕಾರಣ ನಮ್ಮ ಯಜಮಾನರ ಕಡಲು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅವರಿಗೆ, ಲಕ್ಷ್ಮೀಪುರಂನ ನಮ್ಮ ನಡುಮನೆಯಲ್ಲಿ ಒಂದು ಸಮುದ್ರ ಇರಲಿ ಎನ್ನಿಸಿತು. ಗಾಜಿನ ತೊಟ್ಟಿ ಬಂತು, ಮೂಟೆಯಲ್ಲಿ ಉಪ್ಪು ಬಂತು. ಅವರು ಬಕೆಟ್ಟಿನಲ್ಲಿ ಉಪ್ಪು ಕಲಸುವುದನ್ನು ನೋಡಿ, ಉಪ್ಪಿನಕಾಯಿ ಹಾಕುವ ಯೋಚನೆಯಿದ್ದರೆ ಮಾವಿನಕಾಯಿ ನಾನು ತರುತ್ತೇನೆ ಎಂದೆ. ಕೊನೆಗೆ ಎರಡು ಮೀನು ಬಂದವು. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ. ವಿಭೂತಿ ಧರಿಸಿ ಬಂದವರನ್ನು ಬೇಡ ಎನ್ನುವುದು ಹೇಗೆ? ಮಧ್ಯಾಹ್ನ ಕೆಲಸ ಮುಗಿಸಿ ತೊಟ್ಟಿಯ ಮುಂದೆ ಕುಳಿತರೆ, ಎರಡೂ ಬಂದು ಗಾಜಿಗೆ ಮೂತಿ ತಾಗಿಸುತ್ತಿದ್ದವು. ಆ ಹೊತ್ತಿನಲ್ಲಿ ನನ್ನನ್ನು ಕಂಡು ಸಂತೋಷಪಡುವವರು ಮನೆಯಲ್ಲಿ ಅವರಿಬ್ಬರೇ. ದೇವರು ಕೊಟ್ಟ ಸಣ್ಣಪುಟ್ಟ ಸುಖಗಳಲ್ಲಿ ಅದನ್ನೂ ಒಂದೆಂದು ಎಣಿಸಿಕೊಂಡೆ.

ಆದರೆ ಮೀನು ತಿನ್ನುತ್ತದೆ, ತಿಂದದ್ದು ನೀರಿಗೇ ಸೇರುತ್ತದೆ, ನೀರು ಮೆಲ್ಲಗೆ ವಿಷವಾಗುತ್ತದೆ. ನಮ್ಮವರು ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಸಣ್ಣ ಸೀಸೆಯೊಂದಕ್ಕೆ ತುಂಬಿ, ಅದಕ್ಕೆ ಯಾವುದೋ ದ್ರಾವಣದ ತೊಟ್ಟು ಹಾಕಿ ಬಣ್ಣ ನೋಡುತ್ತಾರೆ. ಅರಿಶಿನದ ಬಣ್ಣವಾದರೆ ಕ್ಷೇಮ, ಕುಂಕುಮದ ಬಣ್ಣವಾದರೆ ಅಪಾಯ. ಬಣ್ಣ ಕುಂಕುಮದ ಕಡೆಗೇ ವಾಲತೊಡಗಿದಾಗ ಅವರು ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಒರಟು ಪ್ಲಾಸ್ಟಿಕ್ ಜಾಲರಿ ತೂಗುಹಾಕಿದರು. ಸೀಳಿದ ಕೊಳವೆಯಿಂದ ತೊಟ್ಟಿಯ ನೀರು ಅದರ ಮೇಲೆ ಸದಾ ಇಳಿಯುತ್ತಿರುತ್ತದೆ, ಪಕ್ಕದಲ್ಲೊಂದು ಕೆಂಪು ದೀಪ ಉರಿಯುತ್ತಿರುತ್ತದೆ. ಇದರ ಹೆಸರು ಆಲ್ಗೆ ಸ್ಕ್ರಬ್ಬರ್. ಜಾಲರಿಯ ಮೇಲೆ ಪಾಚಿ ಬೆಳೆಯುತ್ತದೆ. ಬೆಳೆಯುವುದಕ್ಕೆ ಅದು ತಿನ್ನುವುದು ನೀರಿನಲ್ಲಿರುವ ಆ ಕೊಳೆಯನ್ನೇ. ವಾರಕ್ಕೊಮ್ಮೆ ಒಂದು ಮಗ್ಗುಲಿನ ಪಾಚಿಯನ್ನು ಮೇಲೆ ಮೇಲೆ ಕೆರೆದು ತೆಗೆದರೆ, ಕೊಳೆಯೂ ಅದರ ಜೊತೆಗೇ ಮನೆಯಿಂದಾಚೆ. ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ.

ಹಾಲಾಹಲ ಕುಡಿದವನನ್ನು ನೀಲಕಂಠನೆಂದು ಪೂಜಿಸುತ್ತೇವೆ. ಎಲ್ಲರ ವಿಷ ಕುಡಿದೂ ಹಸಿರಾಗಿರುವ ಈ ಬಡಪಾಯಿಯನ್ನು ಮಾತ್ರ ಇಷ್ಟು ವರ್ಷ ಪೊರಕೆಯಿಂದ ಉಜ್ಜಿದೆನಲ್ಲ ಎಂದು ನನಗೆ ಕಸಿವಿಸಿಯಾಯಿತು. ಕಲ್ಯಾಣಿಯ ಮೆಟ್ಟಿಲಲ್ಲಿ ಜಾರಿ ಬಿದ್ದವರು ಪಾಚಿಯನ್ನು ಬೈಯುತ್ತಾರೆ, ಸರಿ. ಅದೇ ಕಲ್ಯಾಣಿಯ ಮೀನುಗಳನ್ನು ಯಾರಾದರೂ ಕೇಳಿದ್ದಾರೆಯೇ?

ಗೌರಿ ಹಬ್ಬ ಹತ್ತಿರ ಬಂದಾಗ ನಜರ್‌ಬಾದಿನಿಂದ ನನ್ನ ನಾದಿನಿ ಸರೋಜ ಕೈಜೋಡಿಸಲು ಬಂದಳು. ಅವಳ ಕೈಗೆ ಸಿಕ್ಕ ಹಿತ್ತಾಳೆ ಚಿನ್ನವಾಗುತ್ತದೆ. ನಾನು ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ ದೀಪದ ಕಂಬ, ಗಂಟೆ, ಹರಿವಾಣಗಳೆಲ್ಲ ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿದ್ದವು. ಅವುಗಳ ಸಾಲಿನ ಕೊನೆಯಲ್ಲಿ ಹಾಲಿನಷ್ಟು ಬೆಳ್ಳಗೆ ಕುಳಿತಿತ್ತು ನಮ್ಮ ಜಾಲರಿ.

"ಅದೆಂಥಾ ಗಲೀಜು ಅತ್ತಿಗೆ! ಹಬ್ಬದ ಮನೇಲಿ ಹಿಂಗಾ ಪಾಚಿ ಕಟ್ಟಿಸಿಕೊಂಡಿರೋದು? ಹುಣಸೆಹಣ್ಣು ಹಚ್ಚಿ, ನಾರಲ್ಲಿ ಉಜ್ಜಿ, ಕುದಿಯೋ ನೀರು ಹುಯ್ದುಬುಟ್ಟೆ ನೋಡಿ," ಎಂದಳು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಕಾಲೇಜಿನಿಂದ ಬಂದ ನಮ್ಮವರು ಜಾಲರಿ ಹಿಡಿದು ನಿಂತೇ ಇದ್ದರು. "ಅಲ್ವೇ ಸರೂ, ಅದು ಗಲೀಜಲ್ಲ ಕಣೇ. ಗಲೀಜು ತಿನ್ನೋದೇ ಅದು!"

"ಗಲೀಜು ತಿನ್ನೋದು ಇನ್ನೇನು ಗಂಧದ ಕೊರಡಾಗಿರತ್ತಾ ಅಣ್ಣಾ?" ಎಂದಳು ಅವಳು. ಅದೂ ನಿಜವೇ.

ಸೋಪಿನ ಪುಡಿ ಹಾಕಿರಲಿಲ್ಲವಲ್ಲ, ಅದೇ ದೇವರ ದಯೆ. ಆದರೆ ದಿನ ಕಳೆದಂತೆ ನೀರು ಮಂಕಾಯಿತು, ಸೀಸೆಯಲ್ಲಿ ಅಪ್ಪಟ ಕುಂಕುಮ. ಎಷ್ಟು ನೀರು ಬದಲಿಸಿದರೂ ಮತ್ತೆ ಅದೇ ಬಣ್ಣ. ಮೀನುಗಳು ಹಾಕಿದ್ದನ್ನು ಮುಟ್ಟದೆ ಮೂಲೆ ಸೇರಿದವು. ನಾನು ಹೋಗಿ ಕುಳಿತರೂ ಗಾಜಿನ ಬಳಿ ಬರಲಿಲ್ಲ.

"ಹೊಸದಾಗಿ ಪಾಚಿ ಹತ್ತೋಕೆ ವಾರಗಟ್ಟಲೆ ಬೇಕು ಕಣೇ. ಅಲ್ಲಿವರೆಗೆ ಇವು ತಡೆಯಲ್ಲ. ಭಾನುವಾರ ಅಂಗಡಿಗೆ ವಾಪಸ್ ಕೊಟ್ಟುಬಿಡೋಣ, ಅಲ್ಲಾದರೂ ಬದುಕಿಕೊಳ್ಳಲಿ," ಎಂದರು ನಮ್ಮವರು.

ನಾನು ಅಡುಗೆಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕುತ್ತ ನಿಂತೆ. ಅಲ್ಲೇ ಹೊಳೆಯಿತು. ಹಾಲಿಟ್ಟು ಸುಮ್ಮನೆ ಕಾದರೆ ಮೊಸರಾಗುತ್ತದೆಯೇ? ಮನೆಯಲ್ಲಿ ಮುಗಿದಿದ್ದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದಿಲ್ಲವೇ? "ಪಾಚಿ ಇರೋರ ಮನೆಯಿಂದ ಹೆಪ್ಪು ತರೋಣ ಕಣ್ರೀ," ಎಂದೆ. ರಸಾಯನಶಾಸ್ತ್ರ ಒಂದು ಗಳಿಗೆ ಯೋಚಿಸಿ, ಫೋನ್ ತೆಗೆಯಿತು.

ಜಯಲಕ್ಷ್ಮಿಪುರಂನಲ್ಲಿ ಶ್ರೀಧರ ಎಂಬುವರ ಮನೆಯಲ್ಲೂ ಇಂಥದ್ದೇ ಕಡಲು. ಇವತ್ತು ಸಂಜೆಯೇ ಪಾಚಿ ಕೆರೆಯುತ್ತೇನೆ, ಬನ್ನಿ ಎಂದರು. ಹಬ್ಬದ ಗಿಜಿಗಿಜಿಯಲ್ಲಿ ಸ್ಕೂಟರ್ ನುಸುಳಿಸಿಕೊಂಡು ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಶ್ರೀಧರ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಅವರ ಹಿಂದೆ, ಆಗತಾನೇ ದೇವರ ದೀಪ ಹಚ್ಚಿದ್ದ ಅವರ ತಾಯಿ ಶಾರದಮ್ಮ.

"ಏನೋ ಅದು?"

"ಪಾಚಿ ಕಣಮ್ಮ. ಇವರ ತೊಟ್ಟಿಗೆ ಹೆಪ್ಪಿಗೆ."

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡ್ತೀಯೇನೋ?"

"ಅಮ್ಮಾ, ಮೊಸರಲ್ಲ, ಪಾಚಿ!"

"ಉಪ್ಪುನೀರಲ್ಲಿ ತಾನೇ ಇಟ್ಟಿರೋದು? ಉಪ್ಪೂ ಆಯ್ತು, ಹೆಪ್ಪೂ ಆಯ್ತು. ಮುಸ್ಸಂಜೇಲಿ ಎರಡನ್ನೂ ಒಟ್ಟಿಗೆ ಹೊಸಿಲು ದಾಟಿಸ್ತಾನಂತೆ!"

ನಮ್ಮವರು ಸಹಾಯಕ್ಕೆಂದು ನನ್ನ ಕಡೆ ನೋಡಿದರು. ನಾನೇನು ಹೇಳಲಿ? ನಮ್ಮ ಮನೆಯಲ್ಲಾಗಿದ್ದರೆ ನಾನೂ ಕೊಡುತ್ತಿರಲಿಲ್ಲ. ಮೂಲೆ ಸೇರಿದ ಮೀನು ಕಣ್ಣ ಮುಂದೆ ಬಂತು. ಆದರೂ, "ಅಮ್ಮ ಹೇಳೋದು ಸರಿ ಕಣ್ರೀ," ಎಂದೆ.

"ಚೆನ್ನಾಗಿದೆ! ಮೀನು ಉಳಿಸೋಕೆ ಬಂದೋಳು ನೀನೇ ಹಿಂಗಂದ್ರೆ?" ಎಂದು ನಮ್ಮವರು ಹಣೆ ಚಚ್ಚಿಕೊಂಡರು.

ಶಾರದಮ್ಮ ಒಳಗೆ ಹೋಗಿ ಚಾಪೆ ತಂದು ಹಾಸಿದರು. "ಕೂತ್ಕೋ ತಾಯಿ. ಹಬ್ಬದ ದಿನಗಳಲ್ಲಿ ಮುತ್ತೈದೆ ಬಾಗಿಲಿಗೆ ಬಂದಿದ್ದೀಯ, ಬರಿಗೈಲಿ ಕಳಿಸೋಕ್ಕಾಗತ್ತಾ?" ಎಂದು ಅರಿಶಿನ ಕುಂಕುಮ ಕೊಟ್ಟು, ಹೂವು ಮುಡಿಸಿದರು. "ಸೆರಗು ಒಡ್ಡು," ಎಂದರು. ಒಡ್ಡಿದೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಬಿದ್ದವು. ಆಮೇಲೆ ಮಗನ ಕೈಯಿಂದ ಡಬ್ಬಿ ಇಸಿದುಕೊಂಡು ಅದನ್ನೂ ಕಾಯಿಯ ಪಕ್ಕಕ್ಕೆ ಇಟ್ಟರು.

"ಕೊಡೋದು ಬೇರೆ, ಮಡಿಲು ತುಂಬೋದು ಬೇರೆ. ಮಡಿಲು ತುಂಬೋಕೆ ಹೊತ್ತು ಗೊತ್ತು ನೋಡಲ್ಲ ಕಣಮ್ಮ. ಹೋಗು, ನಿನ್ನ ಮೀನು ತಣ್ಣಗಿರಲಿ."

ನಾನು ಕಾಲಿಗೆ ಬಿದ್ದೆ. ಸ್ಕೂಟರಿನ ಹಿಂದೆ ಮಡಿಲಿನಲ್ಲಿ ಪಾಚಿ ಕಟ್ಟಿಕೊಂಡು ಕುಳಿತವಳು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ನಮ್ಮವರು ದಾರಿಯುದ್ದಕ್ಕೂ ನಗುತ್ತಿದ್ದರು.

ಮನೆಗೆ ಬಂದು ಆ ಪಾಚಿಯನ್ನು ಜಾಲರಿಗೆ ತಿಕ್ಕಿ ತಿಕ್ಕಿ ಹಚ್ಚಿ ನೀರು ಬಿಟ್ಟೆವು. ಮೊದಲು ಕಂದು ಬಣ್ಣದ ಲೋಳೆ, ಆಮೇಲೆ ಅಲ್ಲಲ್ಲಿ ಹಸಿರು. ಭಾನುವಾರ ಬಂತು, ಅಂಗಡಿಯ ಮಾತು ಯಾರೂ ಎತ್ತಲಿಲ್ಲ. ಹಬ್ಬದ ದಿನ ನಾನು ಕಡುಬು ಮಾಡುತ್ತಿದ್ದಾಗ ನಮ್ಮವರು ಕೂಗಿದರು: "ಬಾರೇ ಇಲ್ಲಿ, ತಿಂತಿವೆ!" ಸರೋಜ ನನಗಿಂತ ಮುಂಚೆ ಓಡಿದಳು.

ಮಡಿಲು ತುಂಬುವ ಶಾಸ್ತ್ರದಲ್ಲಿ ಪಾಚಿಯ ಉಲ್ಲೇಖ ಎಲ್ಲಾದರೂ ಇದೆಯೋ ಇಲ್ಲವೋ ನನಗೆ ತಿಳಿಯದು. ಶಾಸ್ತ್ರ ಬಿಡದೆಯೂ ಕೈ ಬಿಡದಿರುವುದು ಹೇಗೆಂದು ಆ ಮಹಾತಾಯಿ ತೋರಿಸಿಕೊಟ್ಟರು, ನನಗಷ್ಟು ಸಾಕು. ಈಗ ನಮ್ಮ ಜಾಲರಿಯೂ ದಟ್ಟವಾಗಿದೆ, ಹೊಸದಾಗಿ ಕಡಲು ಕಟ್ಟಿದವರು ಹೆಪ್ಪು ಕೇಳಿಕೊಂಡು ನಮ್ಮಲ್ಲಿಗೂ ಬರುತ್ತಾರೆ. ಹೊತ್ತಿರುವಾಗಲೇ ಬನ್ನಿ ಎಂದು ಹೇಳಿರುತ್ತೇನೆ. ಕೆಲವರು ತಡಮಾಡುತ್ತಾರೆ. ಅಂಥವರಿಗಾಗಿ ಮನೆಯಲ್ಲಿ ಯಾವಾಗಲೂ ನಾಲ್ಕು ವೀಳ್ಯದೆಲೆ ಎತ್ತಿಟ್ಟಿರುತ್ತೇನೆ.