ಮೊದಲ ಪುಟವಿಲ್ಲದ ನನ್ನ ಪುಸ್ತಕ

ಮೋಟಾರ್ ವೈಂಡಿಂಗ್ ಬಗ್ಗೆ ಕನ್ನಡದಲ್ಲಿ ನಾನೊಂದು ಪುಸ್ತಕ ಬರೆದದ್ದು ತೊಂಬತ್ತರ ದಶಕದಲ್ಲಿ. ಆಗ ತುಮಕೂರಿನ ಒಂದು ಐಟಿಐನಲ್ಲಿ ಪಾಠ ಹೇಳುತ್ತಿದ್ದೆ. ಗುಬ್ಬಿ ಕಡೆಯ ಹುಡುಗರು ಸುಟ್ಟ ಪಂಪ್‌ಸೆಟ್ಟನ್ನು ಸಲೀಸಾಗಿ ಬಿಚ್ಚುತ್ತಿದ್ದರು, ಇಂಗ್ಲಿಷ್ ಪುಸ್ತಕ ಬಿಚ್ಚಿದರೆ ಬೆವರುತ್ತಿದ್ದರು. ಅವರಿಗಾಗಿಯೇ ಬರೆದೆ. ಬೆಂಗಳೂರಿನ ಪ್ರಕಾಶಕರು ಒಮ್ಮೆ ಅಚ್ಚು ಹಾಕಿ ಕೈ ತೊಳೆದುಕೊಂಡರು. ಮರುಮುದ್ರಣ ಕೇಳಿದಾಗಲೆಲ್ಲ ಮಾರ್ಕೆಟ್ ಇಲ್ಲ ಎಂಬ ಒಂದೇ ರಾಗ. ಅಲ್ಲಿಲ್ಲಿ ಉಳಿದ ಪ್ರತಿಗಳು ಲೈಬ್ರರಿಗಳ ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತವು.

ಹತ್ತು ವರ್ಷವಾದ ಮೇಲೆ ಅದೇ ಪ್ರಕಾಶಕರ ಫೋನು. ನಿಮ್ಮ ಪುಸ್ತಕವನ್ನು ಯಾರೋ ಕದ್ದು ಇಂಟರ್ನೆಟ್ಟಿಗೆ ಹಾಕಿದ್ದಾರೆ, ದೂರಿಗೆ ಸಹಿ ಹಾಕಿ ಎಂದರು. ತುಮಕೂರಿನ ಶೆಟ್ಟಿಹಳ್ಳಿಯ ಸೈಬರ್ ಸೆಂಟರಿನಲ್ಲಿ ಕೂತು ನೋಡಿದೆ. ನನ್ನದೇ ಚಿತ್ರಗಳು, ನನ್ನದೇ ಮಾತುಗಳು. ಹೆಸರಿದ್ದ ಮೊದಲ ಪುಟ ಮಾತ್ರ ಇಲ್ಲ. ಮೈಯೆಲ್ಲ ಉರಿದುಹೋಯಿತು. ಓದಲಿ, ಬೇಡ ಅಂದವರ್ಯಾರು? ಬರೆದವನನ್ನೇ ಹೊರಗೆ ಹಾಕುವುದೆಂದರೇನು?

ನಮ್ಮ ಲೈಬ್ರರಿಗಳಲ್ಲಿ ಮೊದಲ ಪುಟಕ್ಕಲ್ಲದೆ ಒಳಗಿನ ಒಂದು ಗೊತ್ತಾದ ಪುಟಕ್ಕೂ ಸೀಲ್ ಒತ್ತುತ್ತಾರೆ. ಕದ್ದವರು ಮೊದಲ ಪುಟ ಹರಿದರೂ ಒಳಗಿನದು ಉಳಿಯಲಿ ಅಂತ. ಇಲ್ಲೂ ಉಳಿದಿತ್ತು. ಕುಣಿಗಲ್‌ನ ಒಂದು ಐಟಿಐ ಸೀಲು. ಅಲ್ಲಿ ವೈಂಡಿಂಗ್ ಪಾಠ ಹೇಳುತ್ತಿದ್ದವನು ನನ್ನ ಹಳೆಯ ಶಿಷ್ಯ. ಮಾರನೆಯ ದಿನವೇ ಬಸ್ ಹತ್ತಿದೆ.

ವರ್ಕ್‌ಶಾಪಿನಲ್ಲಿ ಹುಡುಗರು ನನ್ನ ಪುಟಗಳ ಪ್ರಿಂಟ್‌ಔಟ್ ಹರಡಿಕೊಂಡು ಕಾಯಿಲ್ ಸುತ್ತುತ್ತಿದ್ದರು. ಶಿಷ್ಯನನ್ನು ಹೊರಗೆ ಕರೆದು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಸೀಲ್ ಕಾಣ್ಬಾರ್ದು ಅಂತ ಮೊದಲ್ನೇ ಪುಟ ಬಿಟ್ಟೆ ಸಾರ್, ನಿಮ್ ಹೆಸ್ರೂ ಅದ್ರಲ್ಲೇ ಹೋಯ್ತು. ಒಳಗಿನ್ ಸೀಲ್ ಮರ್ತೇಬಿಟ್ಟೆ. ಅಂಗಡೀಲಿ ಸಿಗೋಹಂಗಿದ್ರೆ ನಾನ್ಯಾಕೆ ಈ ಕೆಲ್ಸಕ್ಕೆ ಕೈ ಹಾಕ್ತಿದ್ದೆ?" ನಾನು ದೂರಿಗೆ ಸಹಿ ಹಾಕಿದರೆ ಅವನ ನೌಕರಿ ಹೋಗುತ್ತಿತ್ತು, ಆ ಹುಡುಗರ ಕೈಯಲ್ಲಿದ್ದ ಪುಟಗಳೂ ಹೋಗುತ್ತಿದ್ದವು.

ಮನೆಗೆ ಬಂದು ಪ್ರಕಾಶಕರಿಗೆ ಫೋನ್ ಮಾಡಿದೆ. ಮೊದಲು ಮತ್ತೆ ಅಚ್ಚು ಹಾಕಿ, ಸಹಿ ಆಮೇಲೆ ನೋಡೋಣ ಎಂದೆ. ಮಾರ್ಕೆಟ್ ಇಲ್ಲ, ಆದರೆ ಹಕ್ಕು ನಮ್ಮದು, ಬಿಟ್ಟುಕೊಡುವುದಕ್ಕಾಗುವುದಿಲ್ಲ ಎಂದರು. ತಾವೂ ಮಾರುವುದಿಲ್ಲ, ಇನ್ನೊಬ್ಬರು ಓದುವುದಕ್ಕೂ ಬಿಡುವುದಿಲ್ಲ. ಇಂಥವರು ಇನ್ನೊಬ್ಬನನ್ನು ಕಳ್ಳ ಅನ್ನುತ್ತಾರಲ್ಲ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನ್ ಕುಕ್ಕಿದೆ.

ನನ್ನ ಬಳಿಯಿದ್ದ ಒಂದೇ ಪ್ರತಿಯ ಮೊದಲ ಪುಟವನ್ನು ಜೆರಾಕ್ಸ್ ಮಾಡಿಸಿ, ಹೆಸರಿನ ಕೆಳಗೆ ಸಹಿ ಹಾಕಿ ಕುಣಿಗಲ್‌ಗೆ ಕಳಿಸಿದೆ. ತಲುಪಿತು ಅಂತ ಶಿಷ್ಯ ಫೋನ್ ಮಾಡಿದ.

"ಅದನ್ನೂ ಸೇರ್ಸು ಕಣೋ," ಎಂದೆ. "ಕೇಸ್ ಹಾಕೋದಾದ್ರೆ ಇಬ್ರ ಮೇಲೂ ಹಾಕ್ಲಿ."