ಅವಳು ಕೊಕ್ಕೆ ಹಾಕಿಕೊಂಡಿದ್ದಳು

ಐವತ್ಮೂರನೇ ವಯಸ್ಸಿನಲ್ಲಿ ಲಾಂಡ್ರಿಯಮ್ಮ ತರಗತಿಗೆ ಸೇರಿದಳು ಅಂದಾಗ ಬೀದಿಯವರೆಲ್ಲ ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ಖರ್ಚೇ? ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಗಸು ಅವಳು. ರಕ್ತದ ಕಲೆ, ಔಷಧಿಯ ಕಲೆ, ಏನೇ ಇರಲಿ, ಅವಳ ಕೈಗೆ ಸಿಕ್ಕರೆ ಮುಗಿಯಿತು. ಅವಳು ಒಗೆದ ಹೊದಿಕೆ ನೋಡಿದರೆ ಕಣ್ಣು ಕುಕ್ಕಬೇಕು. ಅಂಥವಳು ಈಗ ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ, ಒದ್ದೆ ಸೆರಗು ಹಿಂಡಿಕೊಂಡು, ಎರಡು ಬೀದಿ ಆಚೆಯ ತರಬೇತಿ ಕೇಂದ್ರಕ್ಕೆ ಓಡುತ್ತಿದ್ದಳು. ಮನೆಯ ಸೆಕೆ, ಚಳಿ ತಡೆಯುವುದು ಹೇಗೆ, ನೀರು ಉಳಿಸುವುದು ಹೇಗೆ, ಚಾವಣಿಯ ಮೇಲೆ ಸೋಲಾರ್ ಹಲಗೆ ಕೂರಿಸುವುದು ಹೇಗೆ ಎಂದೆಲ್ಲ ಅಲ್ಲಿ ಕೈಯಾರೆ ಮಾಡಿಸಿ ಕಲಿಸುತ್ತಿದ್ದರು.

‘ಯಾಕೆ ಸೇರುತ್ತಿದ್ದೀರಿ?’ ಎಂದು ಅರ್ಜಿಯಲ್ಲಿ ಕೇಳಿತ್ತು. ‘ಮನೆಗೆ ಸೋಲಾರ್ ಹಾಕಿಸಲು’ ಎಂದು ಬರೆದಳು. ಶುದ್ಧ ಸುಳ್ಳು. ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ಇರುವವಳಿಗೆ ಚಾವಣಿ ಎಲ್ಲಿಂದ ಬಂತು? ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ: ತನ್ನ ಮಗಳು ಅವತ್ತು ಕೊಕ್ಕೆ ಹಾಕಿಕೊಂಡಿದ್ದಳೋ ಇಲ್ಲವೋ.

ಮಗಳು ಇದೇ ಕೇಂದ್ರದಲ್ಲಿ ಕಲಿತವಳು. ಇಪ್ಪತ್ನಾಲ್ಕು ವರ್ಷ. ಎರಡು ವರ್ಷದಿಂದ ಒಂದು ಕಂಪನಿಯಲ್ಲಿ ಮನೆಗಳ ಮೇಲೆ ಸೋಲಾರ್ ಕೂರಿಸುವ ಕೆಲಸ. ಚಾವಣಿ ಹತ್ತುವವರು ಮೈಗೆ ಪಟ್ಟಿಗಳ ಬೆಲ್ಟು ಬಿಗಿದುಕೊಳ್ಳುತ್ತಾರೆ. ಅದರ ಬೆನ್ನಿನಿಂದ ಒಂದು ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಆ ಕೊಕ್ಕೆಯನ್ನು ಚಾವಣಿಯ ನೆತ್ತಿಯಲ್ಲಿರುವ ಕಬ್ಬಿಣದ ಬಳೆಗೆ ಸಿಕ್ಕಿಸಿಕೊಂಡರೆ, ಕಾಲು ಜಾರಿದರೂ ನೆಲ ಮುಟ್ಟುವುದಿಲ್ಲ. ಮಗಳು ನೆಲ ಮುಟ್ಟಿದಳು. ಹದಿನಾಲ್ಕು ತಿಂಗಳ ಹಿಂದೆ, ಒಂದು ಬುಧವಾರ, ಇನ್ನೂ ಹನ್ನೊಂದು ಗಂಟೆಯೂ ಆಗಿರಲಿಲ್ಲ. ಜೊತೆಯವನು ಚಾವಣಿಯ ಆಚೆ ಬದಿಯಲ್ಲಿದ್ದ, ಅವನಿಗೆ ಕೇಳಿಸಿದ್ದು ಸದ್ದು ಮಾತ್ರ. ಗಾಬರಿಯಲ್ಲಿ ಯಾರೋ ಮೇಲಿದ್ದ ಹಗ್ಗಗಳನ್ನೆಲ್ಲ ಸುತ್ತಿ ಕೆಳಗೆ ಎಸೆದಿದ್ದರು. ಆಸ್ಪತ್ರೆಯಲ್ಲಿ ಬೆಲ್ಟನ್ನು ಕತ್ತರಿ ಹಾಕಿ ಬಿಚ್ಚಿದ್ದರು. ಇನ್ನು ನೋಡುವುದಕ್ಕೆ ಏನು ಉಳಿದಿತ್ತು? ‘ಕೊಕ್ಕೆ ಹಾಕಿಕೊಂಡಿರಲಿಲ್ಲ’ ಎಂದು ವರದಿಯಲ್ಲಿ ಒಂದು ಸಾಲು ಗೀಚಿ ಕೈ ತೊಳೆದುಕೊಂಡರು.

ಆ ಒಂದು ಸಾಲನ್ನು ಹೊತ್ತುಕೊಂಡು ತಿರುಗಿದವನು ಅವಳ ಗಂಡ. ಗಡಿಯಾರ ರಿಪೇರಿಯ ಪುಟ್ಟ ಅಂಗಡಿ ಅವನದು. ಜೀವಮಾನವಿಡೀ ಸಾಸಿವೆಯಷ್ಟು ತಿರುಪನ್ನೂ ಕಳೆಯದ ಮನುಷ್ಯ. ಗಡಿಯಾರ ಕೊಡಲು ಬಂದವರು, ಒಯ್ಯಲು ಬಂದವರು, ಸುಮ್ಮನೆ ನೆರಳಿಗೆ ನಿಂತವರು, ಯಾರನ್ನೂ ಬಿಡುತ್ತಿರಲಿಲ್ಲ. “ಒಂದು ಕೊಕ್ಕೆ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಬೇಕು ಹೇಳಿ? ಅಷ್ಟೂ ಜ್ಞಾನ ಬೇಡ್ವಾ? ಬೇಜವಾಬ್ದಾರಿ ಹುಡುಗಿ. ನಮ್ಮ ಹೊಟ್ಟೆ ಉರಿಸಿಬಿಟ್ಟು ಹೋದ್ಲು.” ಹಾಗೆ ಬೈಯುವುದನ್ನು ಬಿಟ್ಟರೆ ಅವನು ಅಲ್ಲೇ ಕುಸಿದುಬೀಳುತ್ತಿದ್ದ ಎಂಬುದು ಹೆಂಡತಿಗೆ ಗೊತ್ತಿತ್ತು. ಆದರೂ ಆ ಮಾತನ್ನು ಅವಳು ಒಪ್ಪುತ್ತಿರಲಿಲ್ಲ. ಮನೆಯಿಂದ ಹೊರಡುವಾಗ ಗ್ಯಾಸ್ ಆರಿದೆಯಾ ಎಂದು ಮೂರು ಸಲ ನೋಡುತ್ತಿದ್ದ ಹುಡುಗಿ ಅದು. ಅದಕ್ಕೆ ಬೇಜವಾಬ್ದಾರಿ ಎಂಬ ಹೆಸರೇ? ಸತ್ತ ಮಗು ಬಂದು ವಾದ ಮಾಡಲಾರದು. ತಾನೇ ಕಲಿತು ತಿಳಿದುಕೊಳ್ಳಬೇಕು ಎಂದು ಹಟ ಹಿಡಿದಳು.

ತರಗತಿಯಲ್ಲಿದ್ದವರೆಲ್ಲ ಮಗಳ ವಯಸ್ಸಿನವರು. ಮೊದಲ ದಿನ ಮೇಷ್ಟ್ರು ಮೇಣದಬತ್ತಿ ಹಚ್ಚಿ ಕಿಟಕಿಯ ಚೌಕಟ್ಟಿನ ಉದ್ದಕ್ಕೂ ಹಿಡಿದು ತೋರಿಸಿದರು. ಉರಿ ಬಾಗಿದ ಕಡೆ ಸಂದಿದೆ, ಗಾಳಿ ನುಗ್ಗುತ್ತಿದೆ ಎಂದರ್ಥ. ಅಂಥ ಸಂದು ಮುಚ್ಚಿದರೆ ಕರೆಂಟು ಉಳಿಯುತ್ತದೆ. ಲಾಂಡ್ರಿಯಮ್ಮ ಮನೆಗೆ ಬಂದವಳೇ ಮೇಣದಬತ್ತಿ ಹಿಡಿದು ಬಾಗಿಲು, ಕಿಟಕಿಗಳನ್ನೆಲ್ಲ ಸುತ್ತಿದಳು.

“ಕರೆಂಟ್ ಇದೆಯಲ್ಲೇ, ಏನ್ ಹುಡುಕ್ತಿದೀಯ?” ಎಂದ ಗಂಡ.

“ಗಾಳಿನ.”

“ಸಿಕ್ಕಿದ್ರೆ ನಂಗೂ ಸ್ವಲ್ಪ ಕೊಡು. ಬೆಳಿಗ್ಗೆಯಿಂದ ಸೆಕೆ.”

ಇಬ್ಬರಿಗೂ ನಗು ಬಂತು. ಮರುಕ್ಷಣವೇ, ಯಾರೋ ನೋಡಿಬಿಟ್ಟರು ಎಂಬಂತೆ, ಇಬ್ಬರೂ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡರು. ಆ ಮನೆಯಲ್ಲಿ ನಗುವುದೂ ತಪ್ಪು ಮಾಡಿದಂತೆಯೇ ಆಗಿತ್ತು.

ಕಲಿಯುವುದರಲ್ಲಿ ಮಾತ್ರ ಅವಳು ಹಿಂದೆ ಬೀಳಲಿಲ್ಲ. ಸೋಲಾರ್ ಹಲಗೆಗಳನ್ನು ಸಾಲಾಗಿ ಜೋಡಿಸುವಾಗ ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ ಸೇರಬೇಕು. ಹುಡುಗರು ಗೊಂದಲದಲ್ಲಿ ತಲೆ ಕೆರೆಯುತ್ತಿದ್ದಾಗ ಇವಳು, “ಒಂದರ ಬಾಲಕ್ಕೆ ಇನ್ನೊಂದರ ತಲೆ ಕಣ್ರೋ, ಅದಕ್ಯಾಕೆ ಇಷ್ಟು ಒದ್ದಾಟ?” ಅಂದಳು. ಆಮೇಲೆ ಮೇಷ್ಟ್ರೂ ಹಾಗೆಯೇ ಹೇಳಿಕೊಡತೊಡಗಿದರು. ಅವಳು ಯಾರ ತಾಯಿ ಎಂಬುದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವರೂ ಆ ಮಾತು ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಐದನೇ ವಾರ ಬೆಲ್ಟಿನ ಪಾಠ ಬಂತು. ಮೇಷ್ಟ್ರು ಹಳೆಯ ಪಟ್ಟಿಗಳ ಎರಡು ತುಂಡು ಹಿಡಿದು ತೋರಿಸಿದರು. “ಇದು ಕತ್ತರಿಯಲ್ಲಿ ಕತ್ತರಿಸಿದ್ದು. ಅಂಚು ನೋಡಿ, ಗೆರೆ ಎಳೆದ ಹಾಗಿದೆ. ಇದು ಭಾರಕ್ಕೆ ಹರಿದಿದ್ದು. ಎಳೆ ಎಳೆಯಾಗಿ ಬಿಚ್ಚಿಕೊಂಡು ಹತ್ತಿ ಥರ ಆಗಿದೆ.”

“ಇನ್ನೊಂದ್ಸಲ ಹೇಳಿ ಮೇಷ್ಟ್ರೇ,” ಅಂದಳು ಲಾಂಡ್ರಿಯಮ್ಮ. ಅವರು ಹೇಳಿದರು. ಅವಳು ಚೀಲ ಎತ್ತಿಕೊಂಡು ಪಾಠದ ನಡುವೆಯೇ ಎದ್ದು ಹೋದಳು.

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರು ಕಪಾಟಿನ ತಲೆಯ ಮೇಲಿತ್ತು, ಹಾಕಿದ ಗಂಟು ಹಾಕಿದಂತೆಯೇ. ಬಿಚ್ಚಿ ಮಂಚದ ಮೇಲೆ ಸುರಿದಳು. ತೊಡೆಯ ಪಟ್ಟಿಗಳು ಎರಡು, ಅಂಚು ನೇರ. ಎದೆಯದು ನೇರ. ಸೊಂಟದ್ದೂ ನೇರ. ಬೆನ್ನಿನ ಪಟ್ಟಿ, ಹಗ್ಗ ಸಿಕ್ಕಿಸುವ ಜಾಗ, ಅದು ಮಾತ್ರ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಕೊಕ್ಕೆ ಹಾಕದಿದ್ದರೆ ಹಗ್ಗ ಜಗ್ಗುವುದು ಹೇಗೆ? ಹಗ್ಗ ಜಗ್ಗದೆ ಬೆನ್ನಿನ ಪಟ್ಟಿ ಹರಿಯುವುದು ಹೇಗೆ?

“ಹಾಕ್ಕೊಂಡಿದ್ಲು!” ಎಂದು ಖಾಲಿ ಮನೆಯಲ್ಲಿ ಕೂಗಿದಳು. “ನನ್ನ ಕಂದ ಹಾಕ್ಕೊಂಡಿದ್ಲು!” ಹದಿನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಸರಿದಂತಾಯಿತು. ಅತ್ತಳು, ನಕ್ಕಳು, ಆ ಹರಿದ ತುಂಡಿಗೆ ಮುತ್ತಿಟ್ಟಳು. ಗಂಡನ ಹತ್ತಿರ ಓಡಬೇಕೆನ್ನಿಸಿತು. ಆದರೆ ಅವನಿಗೆ ಬಾಯಿಮಾತು ಸಾಲದು, ತಿಳಿದವರೇ ಬರೆದುಕೊಡಲಿ ಎಂದು ಮರುದಿನ ಕವರು ಹಿಡಿದು ಮೇಷ್ಟ್ರ ಮುಂದೆ ನಿಂತಳು.

ಮೇಷ್ಟ್ರು ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದರು. “ಹೌದಮ್ಮ. ಕೊಕ್ಕೆ ಹಾಕಿದ್ಲು. ನನ್ನ ವಿದ್ಯಾರ್ಥಿನಿ ತಪ್ಪು ಮಾಡಿರ್ಲಿಲ್ಲ,” ಅಂದರು. ಆಮೇಲೆ ಬೆನ್ನಿನ ಪಟ್ಟಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ಬೆರಳಿಗೆ ಪುಡಿ ಹತ್ತಿತು. ಅವರ ಮುಖ ಬದಲಾಯಿತು.

“ಆದ್ರೆ ಇದು ಹರೀಬಾರ್ದಿತ್ತು. ಹತ್ತು ಜನ ಜೋತುಬಿದ್ರೂ ತಡೀಬೇಕು ಇದು. ಇದರ ಬಣ್ಣ ಏನಿತ್ತಮ್ಮ?”

“ಕಿತ್ತಳೆ.”

ಮೇಜಿನ ಮೇಲಿದ್ದದ್ದು ಹಳೆಯ ಕಾಗದದ ಬಣ್ಣ. ಕಿತ್ತಳೆಯ ಸುಳಿವೂ ಇರಲಿಲ್ಲ. ಮೇಷ್ಟ್ರು ತುಂಬ ಮೆತ್ತಗೆ ಕೇಳಿದರು: “ಇದನ್ನ ಮನೇಲಿ ಯಾವುದ್ರಲ್ಲಿ ಒಗೀತಿದ್ರಿ?”

ಅವಳು ಒಗೆಯುತ್ತಿದ್ದಳು. ಪ್ರತಿ ಭಾನುವಾರ. ಮಗಳು ವಾರವಿಡೀ ಬಿಸಿಲಲ್ಲಿ ಬೆಂದು ಬರುತ್ತಿದ್ದಳು. ಬೆಲ್ಟಿನ ತುಂಬ ಬೆವರು, ಗ್ರೀಸು, ಪಾಚಿ. ಮಗಳು ಮೈಮರೆತು ಮಲಗಿದ್ದಾಗ ತಾಯಿ ಅದನ್ನು ಬಕೆಟ್ಟಿನಲ್ಲಿ ನೆನೆ ಹಾಕುತ್ತಿದ್ದಳು, ಲಾಂಡ್ರಿಯ ಬ್ಲೀಚಿಂಗ್ ನೀರಿನಲ್ಲಿ. ಅದನ್ನು ಮನೆಗೆ ತರಬಾರದೆಂದು ಲಾಂಡ್ರಿಯಲ್ಲಿ ಕಟ್ಟುನಿಟ್ಟು. ಇವಳು ಸಣ್ಣ ಬಾಟಲಿಯಲ್ಲಿ ಸೆರಗಿನ ಮರೆಯಲ್ಲಿ ತರುತ್ತಿದ್ದಳು. ಮೂರು ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ಸೋಮವಾರಕ್ಕೆ ಬೆಲ್ಟು ಘಮಘಮ. ವಾಸನೆಯಿಂದ ಮಗಳಿಗೆ ತಿಳಿಯಬಹುದಿತ್ತಲ್ಲ ಅಂದರೆ, ಆ ಮನೆಯಲ್ಲಿ ತಾಯಿಯ ಕೈಯಿಂದ ಹಿಡಿದು ತಲೆದಿಂಬಿನವರೆಗೆ ಎಲ್ಲಕ್ಕೂ ಅದೇ ವಾಸನೆ. ಒಂದು ದಿನ ಮಗಳು ಬಣ್ಣ ನೋಡಿ ಕೇಳಿಯೂ ಕೇಳಿದ್ದಳು: “ಅಮ್ಮ, ಇದಕ್ಕೆ ಏನ್ ಹಾಕಿ ಒಗೀತೀಯ?” ಕದ್ದು ತಂದದ್ದು ಅಂತ ಹೇಳುವುದು ಹೇಗೆ? “ಸೋಪು ಕಣೇ,” ಅಂದಿದ್ದಳು. ಬಿಸಿಲಿಗೆ ಬಣ್ಣ ಹೋಗಿರಬೇಕು ಎಂದು ಮಗಳು ನಂಬಿದಳು. ತಾಯಿಯ ಮಾತು ಯಾಕೆ ನಂಬಬಾರದು?

ಇದನ್ನೆಲ್ಲ ಅವಳು ಮೇಷ್ಟ್ರ ಮುಂದೆ ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬ್ಲೀಚಿಂಗ್ ನೀರು ನೈಲಾನಿನ ಎಳೆಗಳನ್ನು ಒಳಗಿಂದಲೇ ತಿಂದುಹಾಕುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. “ನೋಡಿ ಅಮ್ಮ, ಕೊಕ್ಕೆ ಹಾಕಿದ್ಲು, ಪಟ್ಟಿ ಹರೀತು, ಇಷ್ಟು ಬರ್ಕೊಡ್ತೀನಿ. ಮಿಕ್ಕಿದ್ದು ನನ್ನಲ್ಲೇ ಇರುತ್ತೆ. ನಿಮಗೆ ಗೊತ್ತಿರ್ಲಿಲ್ಲ.”

ಅವಳು ಆ ಕಾಗದವನ್ನು ಮಾತ್ರ ಗಂಡನಿಗೆ ಕೊಟ್ಟಳು. ಅರ್ಧ ಸತ್ಯ. ಗಂಡ ಅದನ್ನು ಎರಡು ಸಲ ಓದಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಒಳಗೆ ಮುಖ ಮುಚ್ಚಿಕೊಂಡು ಹಸುಗೂಸಿನ ಹಾಗೆ ಅತ್ತ. ಆಮೇಲೆ ಬೀದಿಯ ಪ್ರತಿ ಮನೆಗೆ ಹೋಗಿ ಬಾಗಿಲು ತಟ್ಟಿ ಹೇಳಿದ: “ನನ್ನ ಮಗಳು ಕೊಕ್ಕೆ ಹಾಕ್ಕೊಂಡಿದ್ಲು. ನಾನೇ ಸುಮ್ನೆ ಬಾಯಿ ಬಡ್ಕೊಂಡೆ.” ಅವನ ಮುಖದಲ್ಲಿ ಬೆಳಕು ಕಂಡು ಹೆಂಡತಿ ಸುಮ್ಮನಿದ್ದಳು. ಒಂದು ದಿನ, ಎರಡು ದಿನ. ಯಾರು ಸುಮ್ಮನಿರುತ್ತಿರಲಿಲ್ಲ ಹೇಳಿ?

ಆದರೆ ಮನುಷ್ಯನ ಸಿಟ್ಟು ಎಲ್ಲಾದರೂ ಹೋಗಿ ಕೂರಲೇಬೇಕಲ್ಲ. ಮೂರನೇ ದಿನ ಅವನು ಕಂಪನಿಗೆ ನುಗ್ಗಿ, ಬೆಲ್ಟು, ಹಗ್ಗ ವಿತರಿಸುವ ಸ್ಟೋರಿನ ಮುದುಕನ ಕಾಲರ್ ಹಿಡಿದ. ಕೊಳೆತ ಬೆಲ್ಟು ಕೊಟ್ಟು ನನ್ನ ಮಗೂನ ಕೊಂದೆಯಲ್ಲೋ ಎಂದು ಎಲ್ಲರೆದುರು ಕೂಗಾಡಿದ. ಮೇಷ್ಟ್ರ ಕಾಗದ ಕಂಡ ಕಂಪನಿಯವರು, ಮತ್ತೆ ವಿಚಾರಣೆ ಆಗುವ ತನಕ ಕೆಲಸಕ್ಕೆ ಬರಬೇಡ ಎಂದು ಮುದುಕನನ್ನು ಮನೆಗೆ ಕಳಿಸಿದರು.

“ನಡುಗ್ತಾ ನಿಂತಿದ್ದ. ‘ಹೊಸಾ ಬೆಲ್ಟೇ ಕೊಟ್ಟಿದ್ದೆ ಸ್ವಾಮಿ, ನನ್ನ ಕೈಯಾರೆ ಕೊಟ್ಟಿದ್ದೆ’ ಅಂತ ಅಳ್ತಾನೆ, ಕಳ್ಳ,” ಎಂದು ಗಂಡ ಮನೆಗೆ ಬಂದು ಹೇಳಿದ.

ಮುದುಕ ಹೇಳಿದ್ದು ನಿಜ ಎಂದು ಗೊತ್ತಿದ್ದವಳು ಆ ಮನೆಯಲ್ಲೇ ಕೂತಿದ್ದಳು. ಮರುದಿನ ಮಧ್ಯಾಹ್ನ ಅಂಗಡಿಗೆ ಹೋದಳು. ಗಂಡ ಒಂದು ಕೈಗಡಿಯಾರ ಬಿಚ್ಚಿ ಹರವಿಕೊಂಡಿದ್ದ.

“ರೀ, ಬೆಲ್ಟು ಹೊಸದೇ ಇತ್ತು. ನಾನು ಒಗೆದೆ.”

“ಏನಂದೆ?”

“ಬ್ಲೀಚಿಂಗ್ ನೀರಲ್ಲಿ. ಪ್ರತಿ ಭಾನುವಾರ. ಅದಕ್ಕೇ ಹರೀತು. ಆ ಮುದುಕಪ್ಪನದ್ದು ಏನೂ ತಪ್ಪಿಲ್ಲ.”

ಅವನು ಚಿಮಟ ಕೆಳಗಿಟ್ಟ. ಆಮೇಲೆ ಕೇಳಿದ: “ಅವಳಿಗೆ ಗೊತ್ತಿತ್ತಾ?”

“ಕೇಳಿದ್ಲು. ಸೋಪು ಅಂದೆ.”

ಅವನು ಎದ್ದು, ಬಿಚ್ಚಿದ ಗಡಿಯಾರವನ್ನು ಹಾಗೆಯೇ ಬಿಟ್ಟು, ಬೀಗವನ್ನೂ ಹಾಕದೆ ನಡೆದುಹೋದ. ಸ್ಟೋರಿನ ಮುದುಕನ ಮನೆ ಹುಡುಕಿಕೊಂಡು ಹೋಗಿ ಅವನ ಕಾಲು ಹಿಡಿದನಂತೆ. ಕಂಪನಿಗೂ ಹೋಗಿ ಇದ್ದದ್ದು ಇದ್ದಂತೆ ಬರೆದುಕೊಟ್ಟನಂತೆ. ಇದೆಲ್ಲ ಅವಳಿಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಸಂಜೆ ಅವನು ಮನೆಗೆ ಬಂದಾಗ ಅವಳು ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಇವನು ಹೊಡೆಯುವವನಲ್ಲ. ಆದರೆ ಇವತ್ತು ಬೈಯುತ್ತಾನೆ, ಬೀದಿಗೆಲ್ಲ ಕೇಳುವಂತೆ ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿ ಎಂದೇ ಕಾದಿದ್ದಳು. ಮಗಳಿಗೆ ಬಿದ್ದ ಬೈಗುಳವೆಲ್ಲ ತನಗೆ ಬರಬೇಕಾದದ್ದು, ಅದು ತನ್ನ ಪಾಲಿಗೆ ಬಂದುಬಿಡಲಿ, ಆಗಲಾದರೂ ಉಸಿರಾಡಬಹುದೇನೋ ಎನ್ನಿಸಿತ್ತು.

ಅವನು ಬಂದು ಅವಳ ಎದುರು ನೆಲದ ಮೇಲೆ ಕೂತ.

“ಬೈಯ್ರಿ,” ಅಂದಳು. “ಕೈ ಮುಗೀತೀನಿ, ಏನಾದ್ರೂ ಬೈಯ್ರಿ.”

ಅವನು ತಲೆ ಅಲ್ಲಾಡಿಸಿದ. “ಹದಿನಾಲ್ಕು ತಿಂಗಳು ಏನೂ ತಿಳೀದೆ ಆ ಮಗೂನ ಬೈದೆ ಕಣೇ. ಈಗ ನಿನ್ನ ಬೈಯೋಕೆ ನಂಗೆ ಬಾಯೆಲ್ಲಿದೆ?”

ಆಮೇಲೆ ಅವನು ಎದ್ದು ಎರಡು ತಟ್ಟೆ ಹಾಕಿದ. ಅವತ್ತಾಗಲಿ ಆಮೇಲಾಗಲಿ ಅವನು ಅವಳಿಗೆ ಒಂದು ಮಾತೂ ಬೈಯಲಿಲ್ಲ.